ಒಂದು ಅಂಕಿತದ ಪ್ರಶ್ನೆ: ಲಿಕ್ಟೆನ್‌ಸ್ಟೈನಿನ ಸಂವಿಧಾನ ಬಿಕ್ಕಟ್ಟು, 1992–2003

1992ರ ಅಕ್ಟೋಬರ್ 28ರಂದು ಲಿಕ್ಟೆನ್‌ಸ್ಟೈನ್ ದೇಶದ ರಾಜಧಾನಿ ವಾಡುಜ್‌ನಲ್ಲಿ, ಸರ್ಕಾರಿ ಭವನದ ಎದುರು ಸುಮಾರು 2,000 ಜನ ಸೇರಿದರು. ಆಗ ಇಡೀ ದೇಶದ ಜನಸಂಖ್ಯೆ ಸುಮಾರು 30,000 ಇತ್ತು. ಅಂದರೆ ಮಕ್ಕಳು ಮುದುಕರನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೂ ಹದಿನೈದು ಜನರಲ್ಲಿ ಒಬ್ಬರು ಬೀದಿಗೆ ಬಂದಿದ್ದರು. ಊರಿನ ಮೇಲಿನ ಗುಡ್ಡದ ಕೋಟೆಯಲ್ಲಿ ವಾಸಿಸುವ ದೊರೆ ಎರಡನೆಯ ಹಾನ್ಸ್ ಆಡಮ್ ಒಂದು ಕಡೆ, ಕೆಳಗಿನ ಬೀದಿಯ ಸರ್ಕಾರ ಮತ್ತು ಶಾಸನಸಭೆ ಇನ್ನೊಂದು ಕಡೆ. ವಿವಾದದ ವಿಷಯ ಮಾತ್ರ ಕೇಳಿದವರಿಗೆ ಅಚ್ಚರಿ ತರುವಷ್ಟು ಚಿಕ್ಕದು: ಯುರೋಪಿನ ಏಕ ಮಾರುಕಟ್ಟೆಯನ್ನು ಸೇರುವ ಬಗೆಗಿನ ಒಂದು ಜನಮತಗಣನೆಯನ್ನು, ನೆರೆಯ ಸ್ವಿಟ್ಜರ್ಲೆಂಡ್ ಅದೇ ವಿಷಯಕ್ಕೆ ಮತ ಹಾಕಲಿದ್ದ ಡಿಸೆಂಬರ್ 6ಕ್ಕೆ ಮೊದಲು ನಡೆಸಬೇಕೋ, ಆಮೇಲೆ ನಡೆಸಬೇಕೋ ಎಂಬುದು.

ಆ ತಾರೀಖಿನ ಜಗಳ ಅದೇ ದಿನ ಸಂಜೆಯ ಹೊತ್ತಿಗೆ ರಾಜಿಯಲ್ಲಿ ಮುಗಿಯಿತು. ಆದರೆ ಅದು ಎಬ್ಬಿಸಿದ ಪ್ರಶ್ನೆ ಮುಗಿಯಲು ಹತ್ತು ವರ್ಷ ಹಿಡಿಯಿತು, ಮತ್ತು 2003ರ ಮಾರ್ಚ್‌ನಲ್ಲಿ ದೇಶದ ಸಂವಿಧಾನವನ್ನೇ ಬದಲಾಯಿಸಿತು. ಈ ಪ್ರಕರಣವನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಹೇಳಲಾಗುತ್ತದೆ. ಯುರೋಪಿನ ಹೃದಯಭಾಗದಲ್ಲಿ ಒಬ್ಬ ಅರಸ ಹಳೆಯ ಅಧಿಕಾರವನ್ನು ಮರಳಿ ಪಡೆದ ಕಥೆ ಎಂದು ಕೆಲವರು ಹೇಳುತ್ತಾರೆ. ಜನರೇ ಬಯಸಿ ತಮ್ಮ ಅರಸನಿಗೆ ಅಧಿಕಾರ ಕೊಟ್ಟ ಕಥೆ ಎಂದು ಇನ್ನು ಕೆಲವರು. ಎರಡರಲ್ಲೂ ಸತ್ಯಾಂಶವಿದೆ. ಆದರೆ ನನ್ನ ದೃಷ್ಟಿಯಲ್ಲಿ ಇದು ಮುಖ್ಯವಾಗಿ ತೀರ್ಪುಗಾರನಿಲ್ಲದ ಸಂವಿಧಾನವೊಂದರ ಕಥೆ. ಇಬ್ಬರಿಗೆ ಹಂಚಿಕೊಟ್ಟ ಅಧಿಕಾರದ ಬಗ್ಗೆ ಆ ಇಬ್ಬರ ನಡುವೆಯೇ ಭಿನ್ನಾಭಿಪ್ರಾಯ ಬಂದರೆ ಯಾರ ಮಾತು ನಡೆಯಬೇಕು ಎಂಬುದನ್ನು 1921ರ ಸಂವಿಧಾನ ಸ್ಪಷ್ಟವಾಗಿ ಹೇಳಿರಲಿಲ್ಲ. 2003ರ ತಿದ್ದುಪಡಿ ಅದನ್ನು ಹೇಳಿತು. ಹೇಗೆ ಹೇಳಿತು ಎಂಬುದೇ ಇಲ್ಲಿ ನೋಡಬೇಕಾದದ್ದು.

ಮನೆತನ ಮತ್ತು ದೇಶ

ರೈನ್ ನದಿಯ ಪೂರ್ವದಂಡೆಯಲ್ಲಿ, ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ ಇರುವ ಲಿಕ್ಟೆನ್‌ಸ್ಟೈನ್ 160 ಚದರ ಕಿಲೋಮೀಟರ್ ವಿಸ್ತಾರದ, 11 ಗ್ರಾಮಸಮುದಾಯಗಳ ದೇಶ. ಇದರ ಹುಟ್ಟಿನಲ್ಲಿ ಒಂದು ವಿಶೇಷವಿದೆ. ಸಾಮಾನ್ಯವಾಗಿ ಅರಸು ಮನೆತನಗಳು ತಾವು ಆಳುವ ನಾಡಿನ ಹೆಸರನ್ನು ಇಟ್ಟುಕೊಳ್ಳುತ್ತವೆ. ಇಲ್ಲಿ ಮನೆತನದ ಹೆಸರು ನಾಡಿಗೆ ಬಂತು. ಆಸ್ಟ್ರಿಯಾ ಮತ್ತು ಮೊರಾವಿಯಾದಲ್ಲಿ ಅಪಾರ ಭೂಮಿ ಹೊಂದಿದ್ದ ಲಿಕ್ಟೆನ್‌ಸ್ಟೈನ್ ಮನೆತನಕ್ಕೆ, ಪವಿತ್ರ ರೋಮನ್ ಸಾಮ್ರಾಜ್ಯದ ರಾಜಸಭೆಯಲ್ಲಿ ಸ್ಥಾನ ಪಡೆಯಲು ಚಕ್ರವರ್ತಿಗೆ ನೇರವಾಗಿ ಅಧೀನವಾದ ಭೂಮಿಯೊಂದು ಬೇಕಿತ್ತು. ಅದಕ್ಕಾಗಿ ಅವರು 1699ರಲ್ಲಿ ಶೆಲ್ಲೆನ್‌ಬರ್ಗ್ ಮತ್ತು 1712ರಲ್ಲಿ ವಾಡುಜ್ ಸೀಮೆಗಳನ್ನು ಹಣ ಕೊಟ್ಟು ಕೊಂಡರು. 1719ರ ಜನವರಿ 23ರಂದು ಚಕ್ರವರ್ತಿ ಆರನೆಯ ಚಾರ್ಲ್ಸ್ ಈ ಎರಡನ್ನೂ ಸೇರಿಸಿ ಸಂಸ್ಥಾನವೆಂದು ಘೋಷಿಸಿದನು. ಬೇಕಾಗಿದ್ದ ಸ್ಥಾನ ಸಿಕ್ಕಿತು. ನಾಡನ್ನು ನೋಡಲು ಯಾರೂ ಬರಲಿಲ್ಲ. ಪಟ್ಟದಲ್ಲಿದ್ದ ದೊರೆಯೊಬ್ಬ ತನ್ನ ಪ್ರಜೆಗಳನ್ನು ಕಾಣಲು ಬಂದದ್ದು 1842ರಲ್ಲಿ, ಎರಡನೆಯ ಅಲೋಯಿಸನ ಕಾಲದಲ್ಲಿ. ವಾಡುಜ್ ಕೋಟೆಯಲ್ಲಿ ದೊರೆ ಖಾಯಂ ಆಗಿ ನೆಲೆಸಿದ್ದು 1938ರಲ್ಲಿ, ಎರಡನೆಯ ಫ್ರಾನ್ಸ್ ಜೋಸೆಫನ ಕಾಲದಲ್ಲಿ.

ಈ ಇತಿಹಾಸವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಅರಸನಿಗೆ ದೇಶದ ಹೊರಗೆ ಸ್ವಂತ ಮನೆ, ಸ್ವಂತ ಆಸ್ತಿ ಇದ್ದಾಗ, ಸ್ವಂತ ಬ್ಯಾಂಕೂ ಇದ್ದಾಗ, ಅರಸನನ್ನು ಪ್ರಜೆಗಳು ಸಾಕುತ್ತಿಲ್ಲದಿದ್ದಾಗ, 'ನಾನು ಹೊರಟೆ' ಎನ್ನುವ ಮಾತಿಗೆ ಬೇರೆ ದೇಶಗಳಲ್ಲಿ ಇಲ್ಲದ ತೂಕ ಬರುತ್ತದೆ. 2003ರಲ್ಲಿ ಆ ಮಾತು ಬಂದಾಗ ಅದು ಬರಿಯ ಮಾತಾಗಿರಲಿಲ್ಲ ಎಂಬುದನ್ನು ಅರ್ಥಮಾಡಿಕೊಳ್ಳಲು ವಿಯೆನ್ನಾದಲ್ಲಿರುವ ಮನೆತನದ ಅರಮನೆಗಳನ್ನು ನೆನಪಿನಲ್ಲಿಡಬೇಕು.

ಹೊರದೇಶಗಳೊಂದಿಗಿನ ಸಂಬಂಧದಲ್ಲಿ ಈ ನಾಡು ಯಾವಾಗಲೂ ಒಬ್ಬ ದೊಡ್ಡ ನೆರೆಯವನ ಆಸರೆಯಲ್ಲಿ ಬದುಕಿದೆ. 1852ರಲ್ಲಿ ಆಸ್ಟ್ರಿಯಾದೊಂದಿಗೆ ಸುಂಕ ಒಪ್ಪಂದವಾಯಿತು. 1866ರಲ್ಲಿ ಜರ್ಮನ್ ಒಕ್ಕೂಟ ಮುರಿದುಬಿದ್ದ ಮೇಲೆ, 1868ರಲ್ಲಿ ದೇಶ ತನ್ನ ಪುಟ್ಟ ಸೈನ್ಯವನ್ನೇ ವಿಸರ್ಜಿಸಿತು. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ ಸಾಮ್ರಾಜ್ಯ ಕುಸಿದಾಗ 1919ರಲ್ಲಿ ಹಳೆಯ ಒಪ್ಪಂದವನ್ನು ಕೈಬಿಟ್ಟು, 1923ರಲ್ಲಿ ಸ್ವಿಟ್ಜರ್ಲೆಂಡಿನ ಜೊತೆ ಹೊಸ ಸುಂಕ ಒಪ್ಪಂದ ಮಾಡಿಕೊಂಡಿತು. ಅಂದಿನಿಂದ ಎರಡು ದೇಶಗಳ ನಡುವೆ ಸುಂಕದ ಗಡಿ ಇಲ್ಲ. ಚಲಾವಣೆಯ ಹಣ ಸ್ವಿಸ್ ಫ್ರಾಂಕ್. ತನಗೆ ರಾಯಭಾರ ಕಚೇರಿ ಇಲ್ಲದ ಕಡೆಗಳಲ್ಲಿ ಲಿಕ್ಟೆನ್‌ಸ್ಟೈನಿನ ಹಿತವನ್ನು ಸ್ವಿಸ್ ರಾಯಭಾರಿಗಳು ನೋಡಿಕೊಳ್ಳುತ್ತಾರೆ.

ಇನ್ನೂ ಯುವರಾಜನಾಗಿದ್ದ ಹಾನ್ಸ್ ಆಡಮ್ 1970ರಲ್ಲಿ ಮಾಡಿದ ಒಂದು ಭಾಷಣ ಆ ದೇಶದಲ್ಲಿ 'ಬೆನ್ನುಚೀಲದ ಭಾಷಣ' ಎಂದೇ ಹೆಸರಾಗಿದೆ. ಮೊದಲು ಆಸ್ಟ್ರಿಯಾದ ಬೆನ್ನುಚೀಲದಲ್ಲಿ, ಆಮೇಲೆ ಸ್ವಿಟ್ಜರ್ಲೆಂಡಿನ ಬೆನ್ನುಚೀಲದಲ್ಲಿ ಕುಳಿತು ಸಾಗಿದ ನಾಡು ಇನ್ನು ತನ್ನ ಕಾಲ ಮೇಲೆ ನಡೆಯುವುದನ್ನು ಕಲಿಯಬೇಕು ಎಂಬುದು ಅದರ ತಾತ್ಪರ್ಯ. 1989ರಲ್ಲಿ ಪಟ್ಟಕ್ಕೆ ಬಂದ ಮೇಲೆ ಅವರು ಅದನ್ನೇ ಆಚರಣೆಗೆ ತಂದರು. 1990ರಲ್ಲಿ ದೇಶ ವಿಶ್ವಸಂಸ್ಥೆಯ ಸದಸ್ಯನಾಯಿತು, 1991ರಲ್ಲಿ ಯುರೋಪಿಯನ್ ಮುಕ್ತ ವ್ಯಾಪಾರ ಸಂಘಕ್ಕೆ ಸ್ವಂತ ಹೆಸರಿನಲ್ಲಿ ಸೇರಿತು. ಮುಂದಿನ ಮೆಟ್ಟಿಲು ಯುರೋಪಿಯನ್ ಆರ್ಥಿಕ ವಲಯ, ಅಂದರೆ ಯುರೋಪಿನ ಏಕ ಮಾರುಕಟ್ಟೆಯನ್ನು ಮುಕ್ತ ವ್ಯಾಪಾರ ಸಂಘದ ದೇಶಗಳಿಗೂ ತೆರೆಯುವ ಏರ್ಪಾಡು.

ಎರಡನೆಯ ವಿಧಿ

1921ರ ಅಕ್ಟೋಬರ್ 5ರ ಸಂವಿಧಾನ ಒಂದು ಒಡಂಬಡಿಕೆಯ ಫಲ. ಯುದ್ಧಾನಂತರದ ಬಡತನ, ವಿಯೆನ್ನಾದಿಂದ ಕಳುಹಿಸಿದ ಅಧಿಕಾರಿಗಳ ಮೇಲಿನ ಅಸಮಾಧಾನ ಮತ್ತು ಹೊಸದಾಗಿ ಹುಟ್ಟಿದ ರಾಜಕೀಯ ಪಕ್ಷಗಳ ಒತ್ತಾಯ ಸೇರಿ, 1920ರ ಸೆಪ್ಟೆಂಬರ್‌ನಲ್ಲಿ ವಾಡುಜ್ ಕೋಟೆಯಲ್ಲಿ ಮಾತುಕತೆ ನಡೆಯಿತು. ಅದರಿಂದ ಮೂಡಿದ ಎರಡನೆಯ ವಿಧಿಯ ಪ್ರಕಾರ ಈ ದೇಶ ಪ್ರಜಾಸತ್ತಾತ್ಮಕ ಮತ್ತು ಸಂಸದೀಯ ತಳಹದಿಯ ಮೇಲೆ ನಿಂತ, ಸಂವಿಧಾನಬದ್ಧವಾದ, ವಂಶಪಾರಂಪರ್ಯದ ಅರಸೊತ್ತಿಗೆ. ರಾಜ್ಯಾಧಿಕಾರ ನೆಲೆಗೊಂಡಿರುವುದು ದೊರೆಯಲ್ಲಿ ಮತ್ತು ಪ್ರಜೆಗಳಲ್ಲಿ.

ಆ 'ಮತ್ತು' ಎಂಬ ಒಂದು ಪದದಲ್ಲಿ ಇಡೀ ಪ್ರಕರಣ ಅಡಗಿದೆ. ಬೆಲ್ಜಿಯಂ, ನೆದರ್ಲೆಂಡ್ಸ್, ನಾರ್ವೆ ಮೊದಲಾದ ಕಡೆ ಅರಸನ ಅಧಿಕಾರ ಕಾಲಕ್ರಮದಲ್ಲಿ ಸಾಂಕೇತಿಕವಾಯಿತು. ಅಲ್ಲಿ ಕಾನೂನಿಗೆ ಬೀಳುವ ಅರಸನ ಅಂಕಿತ ವಾಡಿಕೆಯ ಒಂದು ಕ್ರಮ. ಲಿಕ್ಟೆನ್‌ಸ್ಟೈನಿನಲ್ಲಿ ಒಂಬತ್ತನೆಯ ವಿಧಿಯ ಪ್ರಕಾರ ಪ್ರತಿ ಕಾನೂನಿಗೂ ದೊರೆಯ ಅಂಕಿತ ಬೇಕು, ಮತ್ತು ಅದನ್ನು ಅಕ್ಷರಶಃ ಪಾಲಿಸಲಾಗುತ್ತದೆ. ಶಾಸನಸಭೆಯಾದ ಲಾಂಡ್‌ಟಾಗ್ ಅಂಗೀಕರಿಸಿದ ಕಾನೂನಷ್ಟೇ ಅಲ್ಲ, ಜನ ನೇರವಾಗಿ ಮತ ಹಾಕಿ ಒಪ್ಪಿದ ಕಾನೂನು ಕೂಡ ಅಂಕಿತವಿಲ್ಲದೆ ಜಾರಿಗೆ ಬಾರದು. ಇನ್ನೊಂದು ಕಡೆ ಪ್ರಜೆಗಳಿಗೂ ಬಲವಾದ ಆಯುಧಗಳಿವೆ: ಸಾಮಾನ್ಯ ಕಾನೂನಿಗೆ 1,000, ಸಂವಿಧಾನದ ಬದಲಾವಣೆಗೆ 1,500 ಮತದಾರರ ಸಹಿ ಸೇರಿಸಿದರೆ ಪ್ರಜಾಪ್ರಸ್ತಾವವನ್ನು ಮತಕ್ಕೆ ತರಬಹುದು. ಎರಡು ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದ ಬಂಡಿ ಇದು. ಎರಡೂ ಒಂದೇ ಕಡೆ ಎಳೆಯುವವರೆಗೆ ಚೆನ್ನಾಗಿ ಸಾಗುತ್ತದೆ. ಫ್ರಾನ್ಸ್ ಜೋಸೆಫನ ಐವತ್ತು ವರ್ಷಗಳ ಆಳ್ವಿಕೆಯಲ್ಲಿ ಅದು ಹಾಗೆಯೇ ಸಾಗಿತು. 1961ರಲ್ಲಿ ಬೇಟೆಯ ಕಾನೂನಿಗೆ ಅವರು ಅಂಕಿತ ನಿರಾಕರಿಸಿದ ಪ್ರಸಂಗವನ್ನು ಇಂದಿಗೂ ನೆನೆಯಲಾಗುತ್ತದೆ ಎಂದರೆ, ಅಂಥ ಪ್ರಸಂಗಗಳು ಎಷ್ಟು ವಿರಳ ಎಂಬುದು ತಿಳಿಯುತ್ತದೆ.

ತಾರೀಖಿನ ಜಗಳ

ಯುರೋಪಿಯನ್ ಆರ್ಥಿಕ ವಲಯವನ್ನು ಸೇರುವ ಬಗ್ಗೆ ಸ್ವಿಟ್ಜರ್ಲೆಂಡ್ 1992ರ ಡಿಸೆಂಬರ್ 6ರಂದು ಜನಮತಗಣನೆ ನಡೆಸುವುದಿತ್ತು. ಲಿಕ್ಟೆನ್‌ಸ್ಟೈನ್ ಅದಕ್ಕಿಂತ ಮೊದಲೇ ಮತ ಹಾಕಬೇಕು ಎಂದು ದೊರೆ ಬಯಸಿದರು. ಸ್ವಿಟ್ಜರ್ಲೆಂಡ್ ಬೇಡವೆಂದರೆ ನಮ್ಮ ಜನವೂ ಅದನ್ನೇ ಅನುಸರಿಸುತ್ತಾರೆ, ಆಗ ಸ್ವತಂತ್ರ ವಿದೇಶಾಂಗ ನೀತಿ ಎಂಬುದು ಬರಿಯ ಹೆಸರಾಗುತ್ತದೆ ಎಂಬುದು ಅವರ ಆತಂಕ. ಹಾನ್ಸ್ ಬ್ರುನ್‌ಹಾರ್ಟ್ ನೇತೃತ್ವದ ಸರ್ಕಾರದ ಮತ್ತು ಲಾಂಡ್‌ಟಾಗಿನ ಎಣಿಕೆ ಬೇರೆ. ಸುಂಕದ ಗಡಿಯೇ ಇಲ್ಲದ ನೆರೆಯ ದೇಶ ಏನು ನಿರ್ಧರಿಸುತ್ತದೆ ಎಂದು ತಿಳಿಯದೆ ಜನರನ್ನು ಮತಕ್ಕೆ ಕರೆಯುವುದು ಸರಿಯಲ್ಲ ಎಂದು ಅವರು ವಾದಿಸಿದರು. ಎರಡು ವಾದಗಳಲ್ಲೂ ಹುರುಳಿತ್ತು.

ಆದರೆ ತಾರೀಖು ಗೊತ್ತುಮಾಡುವ ಅಧಿಕಾರ ಕೊನೆಗೆ ಯಾರದು? ದೊರೆ ಲಾಂಡ್‌ಟಾಗನ್ನು ವಿಸರ್ಜಿಸುವ ಮತ್ತು ಸರ್ಕಾರವನ್ನು ವಜಾಗೊಳಿಸುವ ಬೆದರಿಕೆ ಹಾಕಿದಾಗ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಅಕ್ಟೋಬರ್ 28ರಂದು ಭವನದ ಒಳಗೆ ಮಾತುಕತೆ, ಹೊರಗೆ ಜನ. ಕೊನೆಗೆ ದೊರೆ, ಲಾಂಡ್‌ಟಾಗ್ ಮತ್ತು ಸರ್ಕಾರ ಮೂವರೂ ಒಂದು ಜಂಟಿ ಘೋಷಣೆಗೆ ಒಪ್ಪಿದರು. ಮತದಾನ ಸ್ವಿಟ್ಜರ್ಲೆಂಡಿನ ನಂತರವೇ ನಡೆಯುವುದೆಂದಾಯಿತು.

ಮುಂದೆ ನಡೆದದ್ದು ಗಮನಾರ್ಹ. ಡಿಸೆಂಬರ್ 6ರಂದು ಸ್ವಿಸ್ ಮತದಾರರು ಶೇ 50.3 ಮತಗಳಿಂದ, ಕೂದಲೆಳೆಯ ಅಂತರದಲ್ಲಿ, ಬೇಡವೆಂದರು. ಒಂದು ವಾರದ ಬಳಿಕ, ಡಿಸೆಂಬರ್ 13ಕ್ಕೆ ಮುಗಿದ ಮತದಾನದಲ್ಲಿ ಲಿಕ್ಟೆನ್‌ಸ್ಟೈನಿನ ಶೇ 55.8 ಮತದಾರರು ಬೇಕೆಂದರು. ನೆರೆಯವನನ್ನು ಜನ ಕಣ್ಣುಮುಚ್ಚಿ ಹಿಂಬಾಲಿಸುತ್ತಾರೆ ಎಂಬ, ಬಿಕ್ಕಟ್ಟಿಗೆ ಮೂಲವಾದ ಆತಂಕವನ್ನು ಜನರೇ ಸುಳ್ಳು ಮಾಡಿದರು. ದೊರೆಗೆ ಬೇಕಾದ ಫಲಿತಾಂಶ ಸಿಕ್ಕಿತು, ಸರ್ಕಾರಕ್ಕೆ ಬೇಕಾದ ತಾರೀಖು ಸಿಕ್ಕಿತು. ಇಷ್ಟಾದ ಮೇಲೂ ಮನಸ್ಸುಗಳು ತಿಳಿಯಾಗಲಿಲ್ಲ ಎಂಬುದರಿಂದಲೇ ಜಗಳ ತಾರೀಖಿನದಲ್ಲ ಎಂಬುದು ಸ್ಪಷ್ಟವಾಗುತ್ತದೆ.

ವಲಯದೊಳಗೊಂದು, ಹೊರಗೊಂದು ಎಂದು ಆಗಿಬಿಟ್ಟ ಎರಡು ದೇಶಗಳ ನಡುವೆ ತೆರೆದ ಗಡಿ ಉಳಿಸಿಕೊಳ್ಳುವುದು ಸುಲಭದ ಕೆಲಸವಾಗಿರಲಿಲ್ಲ. ಸುಂಕ ಒಪ್ಪಂದವನ್ನು ತಿದ್ದಿ, ಗಡಿಯಲ್ಲಿ ತಪಾಸಣೆ ಇಡುವ ಬದಲು ಮಾರುಕಟ್ಟೆಯೊಳಗೇ ಸರಕುಗಳ ಮೇಲೆ ಕಣ್ಣಿಡುವ ವ್ಯವಸ್ಥೆ ರೂಪಿಸಲಾಯಿತು. 1995ರ ಏಪ್ರಿಲ್ 9ರಂದು ಎರಡನೆಯ ಜನಮತಗಣನೆಯಲ್ಲಿ ಶೇ 55.9 ಮತದಾರರು ಅದಕ್ಕೆ ಒಪ್ಪಿದರು. ಮೇ 1ರಿಂದ ದೇಶ ಆರ್ಥಿಕ ವಲಯದ ಸದಸ್ಯನಾಯಿತು. ಒಂದೇ ಕಾಲಕ್ಕೆ ಸ್ವಿಸ್ ಸುಂಕ ವ್ಯಾಪ್ತಿಯಲ್ಲೂ ಯುರೋಪಿನ ಏಕ ಮಾರುಕಟ್ಟೆಯಲ್ಲೂ ಇರುವ ಈ ಜಾಣ ಏರ್ಪಾಡು ಆ ದೇಶದ ರಾಜತಂತ್ರಕ್ಕೆ ಸಲ್ಲಬೇಕಾದ ದೊಡ್ಡ ಹಿರಿಮೆ, ಮತ್ತು ಅದರ ದಾರಿಯನ್ನು ಬಹಳ ಮೊದಲೇ ಕಂಡವರು ಹಾನ್ಸ್ ಆಡಮ್ ಎಂಬುದನ್ನು ಅವರ ವಿರೋಧಿಗಳೂ ಒಪ್ಪಬೇಕು.

ಉಪನ್ಯಾಸ ಮತ್ತು ಪತ್ರ

ಆರ್ಥಿಕ ವಲಯ ಸೇರುವ ಸಿದ್ಧತೆ ನಡೆದಿದ್ದ ಅದೇ 1995ರಲ್ಲಿ, ಬಿಕ್ಕಟ್ಟಿನ ನಿಜವಾದ ಪ್ರಶ್ನೆ ಬೇರೊಂದು ಬಾಗಿಲಿನಿಂದ ಒಳಬಂತು. ಹರ್ಬರ್ಟ್ ವಿಲ್ಲೆ 1992ರ ಸರ್ಕಾರದಲ್ಲಿ ಸದಸ್ಯರಾಗಿದ್ದವರು, ಆಮೇಲೆ ಆಡಳಿತ ನ್ಯಾಯಾಲಯದ ಅಧ್ಯಕ್ಷರಾದವರು. ಫೆಬ್ರವರಿಯಲ್ಲಿ ಅವರು ನೀಡಿದ ಒಂದು ಉಪನ್ಯಾಸದಲ್ಲಿ, ಸಂವಿಧಾನದ ಅರ್ಥದ ಬಗ್ಗೆ ದೊರೆ ಮತ್ತು ಶಾಸನಸಭೆಯ ನಡುವೆ ಭಿನ್ನಾಭಿಪ್ರಾಯ ಬಂದರೆ ತೀರ್ಮಾನಿಸುವ ಅಧಿಕಾರ ದೇಶದ ಸಂವಿಧಾನ ನ್ಯಾಯಾಲಯಕ್ಕೆ ಇದೆ ಎಂಬ ಅಭಿಪ್ರಾಯ ಹೇಳಿದರು. ಸಂಶೋಧನಾ ಸಂಸ್ಥೆಯೊಂದರ ಉಪನ್ಯಾಸಮಾಲೆಯಲ್ಲಿ ಆಡಿದ, ಆಧಾರಸಹಿತವಾದ ಮಾತು ಅದು. ಅದರ ವರದಿ ಪತ್ರಿಕೆಯಲ್ಲಿ ಬಂದ ಕೆಲವೇ ದಿನಗಳಲ್ಲಿ ದೊರೆಯ ಪತ್ರ ಬಂತು: ಸಂವಿಧಾನದ ಬಗ್ಗೆ ನೀವು ತಳೆದಿರುವ ನಿಲುವಿನಿಂದಾಗಿ ನೀವು ಸಾರ್ವಜನಿಕ ಹುದ್ದೆಗೆ ತಕ್ಕವರಲ್ಲ, ಮುಂದೆ ಯಾರು ನಿಮ್ಮ ಹೆಸರು ಸೂಚಿಸಿದರೂ ನಾನು ನೇಮಿಸುವುದಿಲ್ಲ ಎಂದು. 1997ರಲ್ಲಿ ಅವರ ಅವಧಿ ಮುಗಿದು, ಲಾಂಡ್‌ಟಾಗ್ ಅವರ ಹೆಸರನ್ನೇ ಮತ್ತೆ ಸೂಚಿಸಿದಾಗ ದೊರೆ ಹೇಳಿದಂತೆಯೇ ನಿರಾಕರಿಸಿದರು.

ಪ್ರಕರಣ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. ತೀರ್ಪು ಬಂದದ್ದು 1999ರ ಅಕ್ಟೋಬರ್ 28ರಂದು, ವಾಡುಜ್‌ನ ಆ ಸಭೆಗೆ ಸರಿಯಾಗಿ ಏಳು ವರ್ಷ ತುಂಬಿದ ದಿನ. ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆಯಾಗಿದೆ ಎಂದು 16 ನ್ಯಾಯಾಧೀಶರು ಹೇಳಿದರು, ಒಬ್ಬರು ಭಿನ್ನಮತ ತಳೆದರು. ದೊರೆಯ ಕ್ರಮದ ವಿರುದ್ಧ ದೂರು ಹೇಳಿಕೊಳ್ಳಲು ದೇಶದೊಳಗೆ ಪರಿಣಾಮಕಾರಿಯಾದ ಕಾನೂನು ಮಾರ್ಗವೇ ಇರಲಿಲ್ಲ ಎಂಬುದನ್ನೂ ನ್ಯಾಯಾಲಯ ಪ್ರತ್ಯೇಕ ಉಲ್ಲಂಘನೆಯೆಂದು ಪರಿಗಣಿಸಿತು. ಪರಿಹಾರದ ಮೊತ್ತ 10,000 ಫ್ರಾಂಕ್. ನನ್ನ ಮಟ್ಟಿಗೆ ಇಡೀ ಹತ್ತು ವರ್ಷಗಳಲ್ಲಿ ಅತಿ ಮುಖ್ಯವಾದ ಘಟ್ಟ ಇದೇ. ಏಕೆಂದರೆ ಬೀದಿಯ ಘೋಷಣೆಗಳಲ್ಲಿ ಮಸುಕಾಗಿದ್ದ ಪ್ರಶ್ನೆಯನ್ನು ಒಬ್ಬ ನ್ಯಾಯಾಧೀಶರ ಉಪನ್ಯಾಸ ಒಂದು ವಾಕ್ಯಕ್ಕೆ ಇಳಿಸಿತು: ದೊರೆ ಮತ್ತು ಪ್ರಜಾಪ್ರತಿನಿಧಿಗಳ ನಡುವೆ ತೀರ್ಪು ಹೇಳುವವರು ಯಾರು?

2003ರ ಕರಡು

ಸಂವಿಧಾನವನ್ನು ಪರಿಷ್ಕರಿಸುವ ಮಾತುಕತೆ ಹಲವು ವರ್ಷ ಎಳೆಯಿತು, ಫಲಿಸಲಿಲ್ಲ. ಲಾಂಡ್‌ಟಾಗಿನ ಮೂಲಕ ಸಂವಿಧಾನ ಬದಲಾಯಿಸಬೇಕಾದರೆ ಸರ್ವಾನುಮತ ಬೇಕು, ಇಲ್ಲವೇ ಎರಡು ಸತತ ಅಧಿವೇಶನಗಳಲ್ಲಿ ಮುಕ್ಕಾಲು ಪಾಲು ಬಹುಮತ ಬೇಕು. 25 ಸದಸ್ಯರ ಸಭೆಯಲ್ಲಿ ಅದು ಸಿಗುವ ಸೂಚನೆ ಇರಲಿಲ್ಲ. ಆಗ ದೊರೆ ಮತ್ತು ಯುವರಾಜ ಅಲೋಯಿಸ್ ಪ್ರಜೆಗಳ ಆಯುಧವನ್ನೇ ಕೈಗೆತ್ತಿಕೊಂಡರು. 2002ರ ಆಗಸ್ಟ್‌ನಲ್ಲಿ ತಮ್ಮ ಕರಡನ್ನು ಪ್ರಜಾಪ್ರಸ್ತಾವವಾಗಿ ಮುಂದಿಟ್ಟು ಸಹಿ ಸಂಗ್ರಹಕ್ಕೆ ತೊಡಗಿದರು. ಬೇಕಾದದ್ದು 1,500, ಬಂದದ್ದು 6,000ಕ್ಕೂ ಹೆಚ್ಚು. ವಿರೋಧಿ ಗುಂಪು 'ಸಂವಿಧಾನ ಶಾಂತಿ' ಎಂಬ ಹೆಸರಿನಲ್ಲಿ, ದೊರೆಯ ಅಧಿಕಾರಕ್ಕೆ ಮಿತಿ ಹಾಕುವ ಪ್ರತಿಪ್ರಸ್ತಾವವನ್ನು ಮಂಡಿಸಿತು.

ದೊರೆಯ ಕರಡನ್ನು ಒಂದೇ ಬಣ್ಣದಲ್ಲಿ ನೋಡುವುದು ತಪ್ಪಾಗುತ್ತದೆ. ಅದರಲ್ಲಿ ಅವರು ಬಿಟ್ಟುಕೊಟ್ಟ ಅಧಿಕಾರಗಳಿವೆ. ತುರ್ತು ಆಜ್ಞೆಗಳು ಆರು ತಿಂಗಳಿಗೆ ತಾವಾಗಿಯೇ ರದ್ದಾಗುತ್ತವೆ, ಮತ್ತು ಅವುಗಳಿಂದ ಸಂವಿಧಾನವನ್ನು ಒಟ್ಟಾಗಿ ಅಮಾನತಿನಲ್ಲಿಡಲಾಗದು. ಸರ್ಕಾರಿ ಅಧಿಕಾರಿಗಳ ನೇಮಕದಿಂದ ದೊರೆ ಹಿಂದೆ ಸರಿದರು. ಅಂಕಿತದ ಬಗ್ಗೆ ಒಂದು ಗಡುವು ಬಂತು. ಆದರೆ ಅದರ ದಿಕ್ಕನ್ನು ಗಮನಿಸಬೇಕು. ಆರು ತಿಂಗಳೊಳಗೆ ದೊರೆ ಅಂಕಿತ ಹಾಕದಿದ್ದರೆ ಕಾನೂನು ತಿರಸ್ಕೃತವಾಯಿತೆಂದು ಅರ್ಥ. ಮೌನವನ್ನು ಸಮ್ಮತಿಯೆಂದು ಎಣಿಸುವ ವಾಡಿಕೆಗೆ ಇದು ತದ್ವಿರುದ್ಧ.

ಸರ್ಕಾರದ ವಿಷಯದಲ್ಲಿ, ದೊರೆ ಅಥವಾ ಲಾಂಡ್‌ಟಾಗ್, ಇಬ್ಬರಲ್ಲಿ ಯಾರೊಬ್ಬರ ವಿಶ್ವಾಸ ಕಳೆದುಕೊಂಡರೂ ಸರ್ಕಾರದ ಅಧಿಕಾರ ಕೊನೆಗೊಳ್ಳುತ್ತದೆ; ಆಗ ದೊರೆ ಹಂಗಾಮಿ ಸರ್ಕಾರ ನೇಮಿಸುತ್ತಾರೆ, ಅದು ನಾಲ್ಕು ತಿಂಗಳೊಳಗೆ ಲಾಂಡ್‌ಟಾಗಿನ ವಿಶ್ವಾಸಮತ ಕೋರಬೇಕು. ನ್ಯಾಯಾಧೀಶರ ಆಯ್ಕೆಗೆ ಹೊಸದೊಂದು ಸಮಿತಿ ಬಂತು. ಅದರ ಅಧ್ಯಕ್ಷತೆ ದೊರೆಯದು, ಸಮಬಲವಾದಾಗ ನಿರ್ಣಾಯಕ ಮತ ದೊರೆಯದು, ದೊರೆಯ ಒಪ್ಪಿಗೆಯಿಲ್ಲದೆ ಸಮಿತಿ ಯಾರ ಹೆಸರನ್ನೂ ಶಿಫಾರಸು ಮಾಡುವಂತಿಲ್ಲ. ಲಾಂಡ್‌ಟಾಗ್ ಆ ಹೆಸರನ್ನು ಒಪ್ಪದೆ ನಾಲ್ಕು ವಾರಗಳಲ್ಲಿ ಹೊಂದಾಣಿಕೆಯೂ ಆಗದಿದ್ದರೆ, ತನ್ನ ಅಭ್ಯರ್ಥಿಯನ್ನು ನಿಲ್ಲಿಸಿ ಜನರ ಮತಕ್ಕೆ ಹೋಗಬೇಕು. ನ್ಯಾಯಾಧೀಶರ ಹುದ್ದೆಗಳು ಪಕ್ಷಗಳ ಹಂಚಿಕೆಯಾಗಿವೆ, ಅದನ್ನು ತಪ್ಪಿಸಬೇಕು ಎಂಬುದು ದೊರೆಯ ಸಮರ್ಥನೆಯಾಗಿತ್ತು. ಕಾಯಿಲೆಯ ಗುರುತು ಸರಿಯಿದ್ದರೂ, ಒಬ್ಬ ವ್ಯಕ್ತಿಯ ಒಪ್ಪಿಗೆಯನ್ನೇ ಬಾಗಿಲಾಗಿಸುವುದು ಅದಕ್ಕೆ ಮದ್ದು ಎಂದು ನಾನು ಒಪ್ಪಲಾರೆ. ಪತ್ರವೊಂದರ ಮೂಲಕ ನ್ಯಾಯಾಧೀಶರೊಬ್ಬರನ್ನು ಹೊರಗಿಟ್ಟ ಪ್ರಕರಣದ ತೀರ್ಪು ಬಂದು ಆಗಿನ್ನೂ ನಾಲ್ಕು ವರ್ಷವೂ ತುಂಬಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಸೆಳೆದದ್ದು ಜನರಿಗೆ ಕೊಟ್ಟ ಹೊಸ ಹಕ್ಕುಗಳು. 1,500 ಮತದಾರರು ದೊರೆಯ ವಿರುದ್ಧ ಅವಿಶ್ವಾಸ ಪ್ರಸ್ತಾವವನ್ನು ತರಬಹುದು. 1,500 ಮತದಾರರು ಅರಸೊತ್ತಿಗೆಯನ್ನೇ ರದ್ದುಗೊಳಿಸುವ ಪ್ರಸ್ತಾವವನ್ನೂ ತರಬಹುದು, ಮತ್ತು ಆ ವಿಷಯದಲ್ಲಿ ದೊರೆಯ ಅಂಕಿತ ಬೇಕಿಲ್ಲ. ಇನ್ನೂ ಮುಂದೆ ಹೋಗಿ, 11 ಗ್ರಾಮಸಮುದಾಯಗಳಲ್ಲಿ ಯಾವುದಾದರೂ ತನ್ನ ನಾಗರಿಕರ ಬಹುಮತದಿಂದ ದೇಶದಿಂದ ಬೇರೆಯಾಗುವ ಪ್ರಕ್ರಿಯೆಯನ್ನು ಆರಂಭಿಸಬಹುದು. ಸ್ವಯಂನಿರ್ಣಯದ ಹಕ್ಕಿನ ಬಗ್ಗೆ ದೊರೆ ವಿಶ್ವಸಂಸ್ಥೆಯಲ್ಲೂ ಪ್ರತಿಪಾದಿಸುತ್ತ ಬಂದಿದ್ದ ವಿಚಾರವೇ ಇಲ್ಲಿ ಸಂವಿಧಾನದ ವಿಧಿಯಾಗಿದೆ. ಅವರ ನಂಬಿಕೆಯ ಪ್ರಾಮಾಣಿಕತೆಯನ್ನು ಸಂಶಯಿಸಲು ನನಗೆ ಕಾರಣ ಕಾಣುವುದಿಲ್ಲ. ಅರಸೊತ್ತಿಗೆ ಜನರ ಒಪ್ಪಿಗೆಯ ಮೇಲೆ ನಿಲ್ಲಬೇಕು, ಅವರಿಗೆ ಬೇಡವಾದ ದಿನ ಹೋಗಬೇಕು ಎಂದು ಸಂವಿಧಾನದಲ್ಲೇ ಬರೆದ ಅರಸರು ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ.

ಆದರೆ ಈ ಹಕ್ಕುಗಳು ಕೆಲಸ ಮಾಡುವ ಬಗೆಯನ್ನು ಬಿಡಿಸಿ ನೋಡಬೇಕು. ಅವಿಶ್ವಾಸ ಪ್ರಸ್ತಾವ ಜನರ ಮತದಲ್ಲಿ ಗೆದ್ದರೂ ದೊರೆ ಪದಚ್ಯುತರಾಗುವುದಿಲ್ಲ. ಅದು ಮನೆತನದ ಕಟ್ಟಳೆಯ ಪ್ರಕಾರ ವಿಚಾರಿಸಲೆಂದು ಅರಸು ಮನೆತನಕ್ಕೆ ಹೋಗುತ್ತದೆ, ಮನೆತನದ ನಿರ್ಧಾರವನ್ನು ಆರು ತಿಂಗಳೊಳಗೆ ಲಾಂಡ್‌ಟಾಗಿಗೆ ತಿಳಿಸಿದರೆ ಸಾಕು. ಅರಸೊತ್ತಿಗೆಯ ರದ್ದತಿ ಗೆದ್ದರೆ ಲಾಂಡ್‌ಟಾಗ್ ಗಣರಾಜ್ಯದ ಸಂವಿಧಾನ ರಚಿಸಿ, ಒಂದು ವರ್ಷದ ನಂತರ, ಎರಡು ವರ್ಷದೊಳಗೆ ಮತ್ತೊಮ್ಮೆ ಮತಕ್ಕೆ ಇಡಬೇಕು; ಆ ಮತದಾನದಲ್ಲಿ ದೊರೆಯೂ ತಮ್ಮದೊಂದು ಹೊಸ ಸಂವಿಧಾನವನ್ನು ಜನರ ಮುಂದಿಡಬಹುದು. ಹಾಗಾಗಿ ಒಂದು ಕಾನೂನಿಗೆ ಅಂಕಿತ ಸಿಗಲಿಲ್ಲ ಎಂದು ಬೇಸರಗೊಂಡ ನಾಗರಿಕನ ಮುಂದೆ ಇರುವ ದಾರಿ ಎರಡೇ: ಸುಮ್ಮನಾಗುವುದು, ಇಲ್ಲವೇ ಮುನ್ನೂರು ವರ್ಷಗಳ ಅರಸೊತ್ತಿಗೆಯನ್ನು ಕಿತ್ತೊಗೆಯುವುದು. ಸೋರುವ ಮಾಡಿಗೆ ಹಂಚು ಕೇಳಿದವನಿಗೆ ಮನೆಯನ್ನೇ ಕೆಡವುವ ಹಕ್ಕು ಕೊಟ್ಟ ಹಾಗಾಯಿತು. ವಿಲ್ಲೆ ತಮ್ಮ ಉಪನ್ಯಾಸದಲ್ಲಿ ಹೇಳಿದ್ದ ನಡುವಣ ದಾರಿ, ಅಂದರೆ ಸಂವಿಧಾನದ ಅರ್ಥವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸುವ ಹಳೆಯ 112ನೆಯ ವಿಧಿ, ಇದೇ ತಿದ್ದುಪಡಿಯಲ್ಲಿ ಸಂವಿಧಾನದಿಂದ ಮರೆಯಾಯಿತು. ಕರಡಿನ ಪರ ವಿರೋಧದ ಗದ್ದಲದಲ್ಲಿ ಈ ಒಂದು ಅಳಿಸುವಿಕೆಗೆ ಸಲ್ಲಬೇಕಾದಷ್ಟು ಗಮನ ಸಲ್ಲಲಿಲ್ಲ ಎಂದು ನನಗೆ ಅನಿಸುತ್ತದೆ.

ಮತದಾನ

ಯುರೋಪ್ ಪರಿಷತ್ತಿಗೆ ಸಂವಿಧಾನದ ವಿಷಯಗಳಲ್ಲಿ ಸಲಹೆ ನೀಡುವ ವೆನಿಸ್ ಆಯೋಗ 2002ರ ಡಿಸೆಂಬರ್‌ನಲ್ಲಿ ತನ್ನ ಅಭಿಪ್ರಾಯ ನೀಡಿತು. ಯುರೋಪಿನ ಇತರ ಅರಸೊತ್ತಿಗೆಗಳು ನಡೆದುಬಂದ ದಿಕ್ಕಿಗೆ ಹೋಲಿಸಿದರೆ ದೊರೆಯ ಕರಡು ಹಿಂದಕ್ಕೆ ಇಟ್ಟ ಹೆಜ್ಜೆಯಾಗುತ್ತದೆ, ಅದರಿಂದ ದೇಶ ಯುರೋಪಿನ ರಾಷ್ಟ್ರಗಳ ನಡುವೆ ಒಂಟಿಯಾಗಬಹುದು ಎಂದು ಅದು ಎಚ್ಚರಿಸಿತು. ದೇಶದೊಳಗೆ ಈ ಮಾತು ಎರಡು ಕಡೆ ಹರಿತವಾದ ಕತ್ತಿಯಾಯಿತು. ವಿರೋಧಿಗಳಿಗೆ ಅದು ಸಾಕ್ಷ್ಯ. ದೊರೆಯ ಬೆಂಬಲಿಗರಿಗೆ ಅದು ಹೊರಗಿನವರ ಹಸ್ತಕ್ಷೇಪ. ದೊಡ್ಡವರ ನಡುವೆ ಸಿಕ್ಕಿಕೊಂಡು ತಮ್ಮತನ ಉಳಿಸಿಕೊಂಡೇ ಬಂದ ಜನರಿಗೆ ಹೊರಗಿನ ಉಪದೇಶ ಸುಲಭವಾಗಿ ರುಚಿಸುವುದಿಲ್ಲ.

ಇನ್ನೊಂದು ಕಡೆ, ತಮ್ಮ ಕರಡು ಸೋತರೆ ಮನೆತನ ವಿಯೆನ್ನಾಕ್ಕೆ ಹೋಗುತ್ತದೆ ಎಂದು ದೊರೆ ಬಹಿರಂಗವಾಗಿಯೇ ಹೇಳಿದ್ದರು. ಅವರ ದೃಷ್ಟಿಯಲ್ಲಿ ಇದು ಬೆದರಿಕೆಯಲ್ಲ, ಪ್ರಾಮಾಣಿಕ ಮಾಹಿತಿ. ರಾಜಕೀಯ ಪಾತ್ರವಿಲ್ಲದ ಅಲಂಕಾರದ ಅರಸನಾಗಿ ಇರಲು ಅವರಿಗೆ ಮನಸ್ಸಿರಲಿಲ್ಲ. ಆದರೆ ಮತದಾರನ ಕಡೆಯಿಂದ ನೋಡಿದಾಗ ಚಿತ್ರ ಬೇರೆ. ಮತಪತ್ರದಲ್ಲಿ ಇದ್ದದ್ದು ಹತ್ತಾರು ವಿಧಿಗಳ ತಿದ್ದುಪಡಿ, ಮನಸ್ಸಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ದೊರೆ ಇರಬೇಕೋ, ಹೋಗಬೇಕೋ? ದೇಶದ ಹೆಸರೇ ಆ ಮನೆತನದ ಹೆಸರಾಗಿರುವಾಗ ಆ ಪ್ರಶ್ನೆ ಎಷ್ಟು ಭಾರವಾದದ್ದು ಎಂದು ಊಹಿಸಬಹುದು. ನ್ಯಾಯಾಧೀಶರ ಆಯ್ಕೆ ಸಮಿತಿಯಲ್ಲಿ ನಿರ್ಣಾಯಕ ಮತ ಯಾರದಿರಬೇಕು ಎಂಬುದನ್ನು ಆ ಭಾರದಡಿಯಲ್ಲಿ ಶಾಂತವಾಗಿ ತೂಗಿ ನೋಡಲು ಸಾಧ್ಯವಿತ್ತೆಂದು ನನಗೆ ತೋರುವುದಿಲ್ಲ.

2003ರ ಮಾರ್ಚ್ 14 ಮತ್ತು 16ರಂದು ನಡೆದ ಮತದಾನದಲ್ಲಿ ಶೇ 87.7 ಮತದಾರರು ಭಾಗವಹಿಸಿದರು. ದೊರೆಯ ಕರಡಿಗೆ ಶೇ 64.3 ಮತ ಬಂತು. ಪ್ರತಿಪ್ರಸ್ತಾವಕ್ಕೆ ಶೇ 16.6 ಮಾತ್ರ. ಈ ಅಂಕಿಗಳ ನಡುವೆ ಇನ್ನೊಂದು ಗುಂಪು ಅಡಗಿದೆ: ದೊರೆಯ ಕರಡನ್ನು ಒಪ್ಪದೆ, ಅದಕ್ಕೆ ಎದುರಾದ ಪ್ರಸ್ತಾವವನ್ನೂ ಒಪ್ಪದೆ, 1921ರ ವ್ಯವಸ್ಥೆಯೇ ಇರಲಿ ಎಂದವರು. ಹೆಚ್ಚುಕಡಿಮೆ ಐವರಲ್ಲಿ ಒಬ್ಬರಷ್ಟಿದ್ದ ಆ ಜನರ ಧ್ವನಿ ಎರಡು ಪಾಳೆಯಗಳ ಪ್ರಚಾರದ ಅಬ್ಬರದಲ್ಲಿ ಕೇಳಿಸಲೇ ಇಲ್ಲ.

ಆನಂತರ

ವೆನಿಸ್ ಆಯೋಗ ಭಯಪಟ್ಟಂತೆ ದೇಶ ಒಂಟಿಯಾಗಲಿಲ್ಲ. ಯುರೋಪ್ ಪರಿಷತ್ತಿನ ಸಂಸದೀಯ ಸಭೆ ಔಪಚಾರಿಕ ಮೇಲ್ವಿಚಾರಣೆಗೆ ಮುಂದಾಗದೆ ಮಾತುಕತೆಯ ದಾರಿ ಹಿಡಿಯಿತು. ಆರ್ಥಿಕ ವಲಯದ ಸದಸ್ಯತ್ವಕ್ಕೆ ಯಾವ ಧಕ್ಕೆಯೂ ಬರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಜೆಕೊಸ್ಲೊವಾಕಿಯಾ ಮನೆತನದ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡ ಹಳೆಯ ವಿವಾದದಿಂದ ಕಡಿದುಹೋಗಿದ್ದ ಸಂಬಂಧಗಳು ಕೂಡ 2009ರಲ್ಲಿ ಜೆಕ್ ಗಣರಾಜ್ಯ ಮತ್ತು ಸ್ಲೊವಾಕಿಯಾಗಳೊಂದಿಗೆ ಸರಿಹೋದವು. 2004ರ ಆಗಸ್ಟ್ 15ರಂದು, ರಾಷ್ಟ್ರೀಯ ದಿನದಂದು, ಹಾನ್ಸ್ ಆಡಮ್ ದೈನಂದಿನ ರಾಜ್ಯಭಾರವನ್ನು ಯುವರಾಜ ಅಲೋಯಿಸರಿಗೆ ಒಪ್ಪಿಸಿದರು. ದೊರೆಯ ಪಟ್ಟ ಮಾತ್ರ ತಮ್ಮಲ್ಲೇ ಉಳಿಸಿಕೊಂಡರು.

ಹೊಸ ವ್ಯವಸ್ಥೆಯ ನಿಜವಾದ ಪರೀಕ್ಷೆ 2011ರಲ್ಲಿ ಬಂತು. ಗರ್ಭಪಾತವನ್ನು ಕೆಲವು ಸಂದರ್ಭಗಳಲ್ಲಿ ಶಿಕ್ಷೆಯಿಂದ ಮುಕ್ತಗೊಳಿಸುವ ಪ್ರಜಾಪ್ರಸ್ತಾವ ಸೆಪ್ಟೆಂಬರ್‌ನಲ್ಲಿ ಮತಕ್ಕೆ ಬರುವುದಿತ್ತು. ಅದು ಗೆದ್ದರೂ ಅಂಕಿತ ಹಾಕುವುದಿಲ್ಲ ಎಂದು ಅಲೋಯಿಸ್ ಆಗಸ್ಟ್ 15ರ ಭಾಷಣದಲ್ಲೇ ಹೇಳಿದರು. ಪ್ರಸ್ತಾವ ಶೇ 52.3 ವಿರೋಧ ಮತಗಳಿಂದ ಸೋತಿತು. ಸೋಲಿಗೆ ಆ ಭಾಷಣವೇ ಕಾರಣ ಎಂದು ಸಾಧಿಸಲಾಗದು. ಆದರೆ ಇಷ್ಟು ಕಡಿಮೆ ಅಂತರದ ಮತದಾನದಲ್ಲಿ, ನಿಮ್ಮ ಮತ ಗೆದ್ದರೂ ಫಲ ಕೊಡದು ಎಂದು ಮೊದಲೇ ಕೇಳಿಸಿಕೊಂಡ ಮತದಾರರು ಮನೆಯಲ್ಲೇ ಉಳಿದಿದ್ದರೆ ಅವರನ್ನು ದೂರುವಂತಿಲ್ಲ. ಅಂಕಿತ ನಿರಾಕರಿಸುವ ಅಧಿಕಾರವನ್ನು ಬಳಸುವ ಅಗತ್ಯವೇ ಬೀಳಲಿಲ್ಲ. ಇದೆ ಎಂದು ನೆನಪಿಸಿದ್ದೇ ಸಾಕಾಯಿತು.

ಇದರ ಬೆನ್ನಿಗೇ ಒಂದು ನಾಗರಿಕ ಗುಂಪು ಬಹಳ ಸೀಮಿತವಾದ ಸುಧಾರಣೆಯೊಂದನ್ನು ಮುಂದಿಟ್ಟಿತು. ಲಾಂಡ್‌ಟಾಗಿನ ಕಾನೂನಿಗೆ ದೊರೆಯ ನಿರಾಕರಣಾಧಿಕಾರ ಹಾಗೆಯೇ ಇರಲಿ, ಆದರೆ ಜನ ನೇರವಾಗಿ ಮತ ಹಾಕಿ ಒಪ್ಪಿದ್ದಕ್ಕೆ ಮಾತ್ರ ಅದು ಅನ್ವಯಿಸದಿರಲಿ ಎಂಬುದು ಅದರ ಬೇಡಿಕೆ. 1992ರಿಂದ ಕಾಣೆಯಾಗಿದ್ದ ನಡುವಣ ದಾರಿಯನ್ನು ಹುಡುಕುವ ಪ್ರಯತ್ನ ಅದು, ಮತ್ತು ನನಗೆ ನ್ಯಾಯವೆಂದು ಕಾಣುವ ಬೇಡಿಕೆ. 2012ರ ಜುಲೈ 1ರಂದು ಮುಗಿದ ಮತದಾನದಲ್ಲಿ ಸುಮಾರು ಮುಕ್ಕಾಲು ಪಾಲು ಮತದಾರರು ಅದನ್ನು ತಿರಸ್ಕರಿಸಿದರು. ಮನೆತನ ರಾಜಕೀಯದಿಂದ ಹಿಂದೆ ಸರಿಯುವ ಸೂಚನೆ ಈ ಸಲವೂ ಬಂದಿತ್ತು. ಆದರೂ ಅಷ್ಟು ದೊಡ್ಡ ಬಹುಮತವನ್ನು ಬರಿಯ ಭಯದ ಲೆಕ್ಕಕ್ಕೆ ಬರೆಯುವುದು ಆ ಜನರಿಗೆ ಮಾಡುವ ಅನ್ಯಾಯ. ಮನೆತನ ತಂದ ಸ್ಥಿರತೆ, ಸಮೃದ್ಧಿ ಮತ್ತು ಗುರುತಿನ ಬಗ್ಗೆ ಅವರಿಗಿರುವ ಅಭಿಮಾನ ನಿಜವಾದದ್ದು, ಹೊರಗಿನಿಂದ ನೋಡುವ ನಮ್ಮಂಥವರು ಅದನ್ನು ಒಪ್ಪಲಿ ಬಿಡಲಿ.

ಅರಸೊತ್ತಿಗೆಯನ್ನು ರದ್ದುಗೊಳಿಸಲು ಅವಕಾಶ ಕೊಡುವ 113ನೆಯ ವಿಧಿಯನ್ನು ಇದುವರೆಗೆ ಯಾರೂ ಮತದಾನದವರೆಗೆ ಒಯ್ದಿಲ್ಲ. ದೊರೆಯ ವಿರುದ್ಧ ಅವಿಶ್ವಾಸ ಮತದಾನ ಒಮ್ಮೆಯೂ ನಡೆದಿಲ್ಲ, ಯಾವ ಗ್ರಾಮಸಮುದಾಯವೂ ದೇಶ ಬಿಟ್ಟು ಹೋಗಿಲ್ಲ. ಲಾಂಡ್‌ಟಾಗಿನಲ್ಲಿ ಅಂಗೀಕಾರವಾದ ಕಾನೂನು ಎಂದಿನಂತೆ ಗುಡ್ಡದ ಮೇಲಿನ ಕೋಟೆಗೆ ಹೋಗುತ್ತದೆ, ದೊರೆಯ ಪರವಾಗಿ ಯುವರಾಜನ ಸಹಿ ಮತ್ತು ಸರ್ಕಾರದ ಮುಖ್ಯಸ್ಥರ ಮರುಸಹಿ ಪಡೆದು ಕೆಳಗೆ ಬಂದು ರಾಜ್ಯಪತ್ರದಲ್ಲಿ ಅಚ್ಚಾಗುತ್ತದೆ. ಅಲ್ಲಿ ಅಚ್ಚಾಗುವ ಕಾನೂನಿನ ಆರಂಭದ ಸಾಲು ಇಂದಿಗೂ ಅದೇ: ಲಾಂಡ್‌ಟಾಗ್ ಕೈಗೊಂಡ ಈ ಕೆಳಗಿನ ನಿರ್ಣಯಕ್ಕೆ ನಾನು ನನ್ನ ಸಮ್ಮತಿಯನ್ನು ನೀಡುತ್ತೇನೆ.